ಮಣ್ಣಿನ ಕುಪ್ಪಳಿ, ಬಿಲ್ ಪುಸ್ತಕದ ಮೂಕಜ್ಜಿ

ಕಳೆದ ದೀಪಾವಳಿ ಮುಗಿದ ನಾಲ್ಕನೆಯ ದಿನ ನಮ್ಮ ಕಾರ್ಯಾಲಯಕ್ಕೆ ಒಂದು ಕಾಗದ ಬಂದಿತು. ಬರೆದವರು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಬಹುಕಾಲ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರು, ತೀರ್ಥಹಳ್ಳಿಯ ಕಡೆಯವರು, ಈ ಪತ್ರಿಕೆಯ ಹಳೆಯ ಚಂದಾದಾರರು. ನಾಲ್ಕು ಪುಟಗಳ ಆ ಕಾಗದದಲ್ಲಿ ಅಕ್ಷರಗಳು ಲೆಕ್ಕದ ಪುಸ್ತಕದಲ್ಲಿರುವಂತೆ ದುಂಡಗಾಗಿದ್ದರೂ ಮಾತುಗಳು ಮಾತ್ರ ಕಾದ ಕಾವಲಿಯ ಮೇಲೆ ಬಿದ್ದ ನೀರಿನಂತೆ ಸಿಡಿಯುತ್ತಿದ್ದುವು. ಅವರ ಆಕ್ಷೇಪದ ವಿಷಯವಿಷ್ಟು:

ದೀಪಾವಳಿಗೆ ಮನೆಯ ಮುಂದೆ ಮಣ್ಣಿನ ಕಿಲ್ಲಾ ಕಟ್ಟುವುದು ಮಹಾರಾಷ್ಟ್ರದ ಮಕ್ಕಳ ಪದ್ಧತಿಯೆಂಬುದು ನಮ್ಮ ಓದುಗರೆಲ್ಲರೂ ಬಲ್ಲ ಸಂಗತಿ. ಕಲ್ಲು ಪೇರಿಸಿ, ಗೋಣಿ ಹೊದಿಸಿ, ಕೆಸರು ಮೆತ್ತಿ, ಮೇಲೆ ಸಾಸಿವೆ ಬಿತ್ತಿ ಹಸಿರು ಬರಿಸಿ, ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಕೂರಿಸಿ, ಸುತ್ತಲೂ ಮಣ್ಣಿನ ಮಾವಳೆ ಸೈನಿಕರನ್ನು ನಿಲ್ಲಿಸುತ್ತಾರೆ. ಕಿಸನ್ ನಗರದ ಒಂದು ಚಾಳಿನಲ್ಲಿ ನಮ್ಮವರ ಐದಾರು ಮಕ್ಕಳು ಈ ಸಲ ಅದೇ ಕಲ್ಲು, ಅದೇ ಕೆಸರು, ಅದೇ ಸಾಸಿವೆಯಿಂದ ಕಿಲ್ಲೆಯ ಬದಲಾಗಿ ಕುಪ್ಪಳಿಯ ಕವಿಮನೆಯನ್ನು ಕಟ್ಟಿದರು. ಬೆಂಕಿಪೆಟ್ಟಿಗೆಯ ಬಾಗಿಲು, ಐಸ್‌ಕ್ರೀಮ್ ಕಡ್ಡಿಯ ಕಂಬಗಳು, ಹೋಟೆಲಿನಿಂದ ತಂದ ಪಾರ್ಸೆಲ್ ಡಬ್ಬಿಯ ತಗಡಿನಿಂದ ಕತ್ತರಿಸಿದ ಹೆಂಚು. ಹಿಂದಿನ ಗುಡ್ಡದ ಮೇಲೆ ನಿಲ್ಲಿಸಿದ ಬಂಡೆಗಳು ಕವಿಶೈಲವಂತೆ. ಅಂಗಳದಲ್ಲಿ ಒಬ್ಬ ಮಣ್ಣಿನ ಮನುಷ್ಯ ಪುಸ್ತಕ ಹಿಡಿದು ಕುಳಿತಿದ್ದಾನೆ, ಅದು ಕುವೆಂಪು. ಅವರ ಕಾವಲಿಗೆ ಕತ್ತಿ ಹಿರಿದ ಇಬ್ಬರು ಮಾವಳೆಗಳು. ಹಿಂದಿನ ವರ್ಷದ ಕಿಲ್ಲೆಯಿಂದ ಉಳಿದವರನ್ನು ಬಿಸಾಡಲು ಮಕ್ಕಳಿಗೆ ಮನಸ್ಸು ಬರಲಿಲ್ಲವಂತೆ.

ಇದನ್ನು ಕಂಡು ಆ ಹಿರಿಯರಿಗೆ ಸಿಟ್ಟು ಬಂದಿತು. ಪುಸ್ತಕವೆಂದರೆ ಸರಸ್ವತಿ, ಆಟದ ಸಾಮಾನಲ್ಲ ಎಂಬುದು ಅವರ ಮೊದಲನೆಯ ವಾದ. ಅನ್ನ ಕೊಟ್ಟ ನೆಲದ ಪದ್ಧತಿಯನ್ನು ಹೀಗೆ ತಿರುಚಿದರೆ ನೆರೆಯವರು ಏನೆಂದುಕೊಂಡಾರು ಎಂಬುದು ಎರಡನೆಯದು. ಆ ಮಕ್ಕಳಲ್ಲಿ ಒಂದಕ್ಕಾದರೂ ಕುವೆಂಪು ಅವರ ಒಂದು ಸಾಲನ್ನು ಓದಲು ಬರುವುದಿಲ್ಲ, ಓದದವರಿಗೆ ಓದಿನ ಉತ್ಸವವೇತಕ್ಕೆ ಎಂಬುದು ಮೂರನೆಯದು. ನಾಲ್ಕನೆಯದೊಂದು ಆಕ್ಷೇಪ ಕಾಗದದ ಕೊನೆಯಲ್ಲಿತ್ತು. ಅದನ್ನು ಕೊನೆಗೇ ಹೇಳುತ್ತೇವೆ.

ಇಂಥ ಸಿಟ್ಟು ಅವರೊಬ್ಬರದೇ ಅಲ್ಲ. ಈಚಿನ ವರ್ಷಗಳಲ್ಲಿ ಕನ್ನಡದ ಓದುಗರಲ್ಲಿ, ಅದರಲ್ಲೂ ತರುಣರಲ್ಲಿ, ಓದನ್ನು ಮೈಮೇಲೆ ಧರಿಸಿ, ಕೈಯಿಂದ ಹೆಣೆದು, ಗೋಡೆಗೆ ತೂಗಿ ಸಂತೋಷಪಡುವ ರೂಢಿ ಬೆಳೆಯುತ್ತಿದೆ. ಬೇಂದ್ರೆಯವರ ಪದ್ಯದ ಸಾಲನ್ನು ಎದೆಯ ಮೇಲೆ ಅಚ್ಚೊತ್ತಿಸಿಕೊಂಡ ಅಂಗಿ ತೊಟ್ಟು ಲೋಕಲ್ ಗಾಡಿ ಹತ್ತುವವರಿದ್ದಾರೆ. ತೇಜಸ್ವಿಯವರ ಚಿತ್ರವಿರುವ ಬಟ್ಟಲಿನಲ್ಲಿ ಚಹಾ ಕುಡಿಯುವವರಿದ್ದಾರೆ. ಧಾರವಾಡದ ಕಡೆಯಿಂದ ಬಂದ ಹೆಣ್ಣುಮಕ್ಕಳು ಉಳಿದ ಬಟ್ಟೆಯ ತುಂಡಿನ ಮೇಲೆ ಕಸೂತಿಯ ಗೋಪುರ, ತೇರು, ಆನೆಗಳನ್ನು ಹಾಕಿ ಪುಸ್ತಕಕ್ಕೆ ಪುಟಗುರುತು ಮಾಡಿಕೊಳ್ಳುತ್ತಾರೆ. ಇವೆಲ್ಲ ಓದಲು ಬಾರದವರ ಬೆಡಗು, ಪುಸ್ತಕ ಮುಚ್ಚಿಟ್ಟು ಹೊದಿಕೆಯನ್ನು ಪೂಜಿಸುವ ವ್ಯಾಪಾರ ಎಂದು ಮೂಗು ಮುರಿಯುವವರು ನಮ್ಮ ಸಂಘಗಳ ಸಭೆಗಳಲ್ಲಿ ಯಥೇಚ್ಛವಾಗಿ ಸಿಗುತ್ತಾರೆ. ನಾವೂ ಒಂದು ಕಾಲದಲ್ಲಿ ಅವರ ಸಾಲಿನಲ್ಲಿಯೇ ಕುಳಿತಿದ್ದೆವು. ಅಲ್ಲಿಂದ ಏಕೆ ಎದ್ದೆವೆಂಬುದನ್ನು ಹೇಳುವುದಕ್ಕೆ ಮುಂಚೆ ಮೊದಲನೆಯ ವಾದವನ್ನು ವಿಚಾರಿಸೋಣ.

ಪುಸ್ತಕವು ಸರಸ್ವತಿಯೆಂಬುದು ನಿಜ. ಆದರೆ ನಮ್ಮ ಹಿರಿಯರು ಆ ಸರಸ್ವತಿಯೊಡನೆ ಎಷ್ಟು ಸಲಿಗೆಯಿಂದ ಆಡಿದ್ದಾರೆಂಬುದನ್ನು ಮರೆಯಲಾಗದು. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೇರಿಸಿ, ರೇಷ್ಮೆಯ ವಸ್ತ್ರ ಹೊದಿಸಿ, ಹೂವು ಮುಡಿಸಿ ಪೂಜೆಗಿಟ್ಟರೆ ವಿಸರ್ಜನೆಯಾಗುವವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ. ಓದದೆ ಇರುವುದನ್ನೇ ಓದಿನ ಹಬ್ಬವನ್ನಾಗಿ ಮಾಡಿದ ಜಾಣತನ ಇನ್ನೆಲ್ಲಿದೆ? ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಅಡಿಗಿಟ್ಟು ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿದ ನೆನಪು ನಮ್ಮಲ್ಲಿ ಅನೇಕರಿಗಿದ್ದೀತು.

ಇನ್ನು ಇಸ್ಪೀಟಿನ ಮಾತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಾಟದಲ್ಲಿ ಅಪಾರ ಅಭಿರುಚಿಯಿದ್ದವರು. ಅವರ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಇಂಥ ಆಟಗಳ ವಿವರಣೆಗೇ ಒಂದು ಭಾಗವಿದೆ. ಪುರಾಣಗಳ ದೇವತೆಗಳು, ಅವತಾರಗಳು ಆ ಎಲೆಗಳ ಮೇಲೆ ಬಣ್ಣದಲ್ಲಿ ಕುಳಿತು ಕೈಯಿಂದ ಕೈಗೆ ಸಾಗಿದುವು. ನಮ್ಮ ನೆರೆಯ ಸಾವಂತವಾಡಿಯಲ್ಲಿ ಇಂದಿಗೂ ದಶಾವತಾರದ ಗಂಜೀಫಾ ತಯಾರಾಗುತ್ತದೆ. ಹತ್ತು ಅವತಾರಗಳಿಗೆ ತಲಾ 12ರಂತೆ 120 ದುಂಡು ಎಲೆಗಳು. ಮತ್ಸ್ಯನನ್ನು ಹಾಕಿ ಕೂರ್ಮನನ್ನು ಎತ್ತುವ ಮನುಷ್ಯ ಪುರಾಣಕ್ಕೆ ಅಗೌರವ ಮಾಡಿದನೆಂದು ಯಾರೂ ಹೇಳಲಿಲ್ಲ. ಆಡುತ್ತಾಡುತ್ತ ಹತ್ತರ ಹೆಸರೂ ಅನುಕ್ರಮವಾಗಿ ಬಾಯಿಪಾಠವಾಗುತ್ತಿತ್ತು. ಗೆದ್ದವನಿಗೂ ಸೋತವನಿಗೂ ಅಷ್ಟು ಲಾಭವಿತ್ತು.

ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯನ್ನು ಸುತ್ತಿ ಬಂದವರು ಕಲ್ಲಿನಲ್ಲಿ ರಾಮಾಯಣ ಮಹಾಭಾರತಗಳನ್ನೇ ಓದಿ ಬರುತ್ತಾರೆ. ಗದುಗಿನ ವೀರನಾರಾಯಣ ದೇವಾಲಯದಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಕಾವ್ಯ ಬರೆದನೆನ್ನುವ ಕಂಬವನ್ನು ತೋರಿಸುತ್ತಾರೆ. ಭಾರತದ ಒಂದು ಸಂಧಿಯನ್ನೂ ಬಿಡಿಸಿ ನೋಡದವರು ಸಹ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯನ್ನು ನೆನೆಯಿರಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತಾಳೆಗರಿಯಲ್ಲಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಸಲ ಒಂದೇ ಗ್ರಂಥವನ್ನು ಕಂಠದಿಂದ ಕೊರೆಯುವುದೆಂದರೆ ಎಷ್ಟು ಕೈಗಳ ಕುಸುರಿ ಕೆಲಸ! ಗ್ರಂಥದ ಮೇಲಿನ ಪ್ರೀತಿ ಓದುವ ಕಣ್ಣಿನಲ್ಲಿ ನಿಲ್ಲಲಾರದೆ ಕೈಗೆ ಇಳಿಯುವುದು ನಮ್ಮಲ್ಲಿ ಹೊಸತಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಯಕ್ಷಗಾನ, ತಾಳಮದ್ದಳೆ. ನಮ್ಮ ಓದುಗರಲ್ಲಿ ಕರಾವಳಿಯವರಿಗೆ ಇದನ್ನು ವಿವರಿಸುವುದು ದೋಸೆಯ ಭಟ್ಟರಿಗೆ ಹಿಟ್ಟು ರುಬ್ಬುವ ಕ್ರಮ ಹೇಳಿದಂತಾದೀತು. ಆದರೂ ಒಂದು ಮಾತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಅದರ ಅರ್ಥವನ್ನು ಆ ಕ್ಷಣದಲ್ಲಿ ತನ್ನ ಮಾತಿನಿಂದ ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ, ರಾವಣನಾಗಿ ಕುಳಿತರೆ ರಾಮನ ಪಕ್ಷದವರು ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತು. ಇದು ಪುಸ್ತಕವನ್ನು ಓದುವುದಲ್ಲದೆ ಮತ್ತೇನು? ಹತ್ತು ಜನ ಸೇರಿ, ತಾಳ ಹಾಕಿ, ಒಂದೇ ಪದ್ಯವನ್ನು ಎಳೆದಾಡಿ, ಜಗಳವಾಡಿ, ನಕ್ಕು, ಬೆಳಗು ಮಾಡುವ ಓದು. ಈ ಊರಿಗೆ ಬಂದ ನಮ್ಮವರು ಹಗಲೆಲ್ಲ ಪ್ಲೇಟು ಹಿಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ರಜೆಯ ದಿನ ಕಾಲಿಗೆ ಗೆಜ್ಜೆ ಕಟ್ಟಿದರು. ಕರ್ಣಭೇದನವನ್ನು ಪುಸ್ತಕದಲ್ಲಿ ಎಂದೂ ಓದದ, ಆದರೆ ಕರ್ಣನ ಮಾತನ್ನು ಒಂದು ಗಂಟೆ ನಿಲ್ಲಿಸದೆ ಆಡಬಲ್ಲ ಅಡಿಗೆಯವರನ್ನು ನಾವು ಕಂಡಿದ್ದೇವೆ. ಅವರನ್ನು ಓದದವರೆಂದು ಕರೆಯಲು ನಮ್ಮ ನಾಲಗೆ ಏಳುವುದಿಲ್ಲ.

ಅಂಗಿಯ ಮೇಲಿನ ಅಕ್ಷರಕ್ಕೂ ಇದಕ್ಕೂ ಹೋಲಿಕೆಯೇ ಎಂದು ಕೇಳುವವರಿದ್ದಾರೆ. ಯಕ್ಷಗಾನವು ಕಲೆ, ಇದು ಷೋಕಿ ಎನ್ನುತ್ತಾರೆ. ಹಾಗಾದರೆ ಸಿನಿಮಾದ ವಿಷಯವೇನು? ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದರು. ಅದೇ ವರ್ಷ ಟಿ.ಕೆ. ರಾಮರಾಯರ ಕಾದಂಬರಿಯಿಂದ ‘ಬಂಗಾರದ ಮನುಷ್ಯ’ ಬಂದಿತು. ಚಿತ್ರ ನೋಡಿ ಬಂದು ಮೂಲ ಪುಸ್ತಕವನ್ನು ಹುಡುಕಿದವರೆಷ್ಟು ಜನವಿಲ್ಲ! ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾದುದು. ಅದು ಓದುಗರ ಮನೆಗಿಂತ ಹೆಚ್ಚಾಗಿ ಮದುವೆಯ ಮನೆಗಳಿಗೆ ಹೋಯಿತು. ಹೊಸ ದಂಪತಿಗಳಿಗೆ ಉಡುಗೊರೆಯಾಗಿ ಆ ಪುಸ್ತಕವನ್ನು ಕೊಡುವುದು ಒಂದು ಸಂಪ್ರದಾಯವೇ ಆಯಿತು. ಆಮೇಲೆ ಹಾಡಾಯಿತು, 1992ರಲ್ಲಿ ನಾಗಾಭರಣರ ಕೈಯಲ್ಲಿ ಚಿತ್ರವಾಯಿತು. ಉಡುಗೊರೆ, ಹಾಡು, ಚಿತ್ರ ಇವುಗಳಲ್ಲಿ ಯಾವುದರಿಂದ ಆ ಕವಿತೆಗಳಿಗೆ ನಷ್ಟವಾಯಿತು?

ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ಒಂದು ಸಣ್ಣ ರೈಲು ನಿಲ್ದಾಣವಿದೆ. ಆರ್.ಕೆ. ನಾರಾಯಣರು ಕಲ್ಪಿಸಿದ ಮಾಲ್ಗುಡಿಯೆಂಬ ಊರು ಭೂಪಟದಲ್ಲಿಲ್ಲ. ಆದರೆ ಶಂಕರನಾಗರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಆ ಕಥೆಗಳನ್ನು ಚಿತ್ರಿಸಿದಾಗ ಅರಸಾಳಿನ ನಿಲ್ದಾಣವೇ ಮಾಲ್ಗುಡಿಯ ನಿಲ್ದಾಣವಾಯಿತು. ಬಿದ್ದುಹೋಗುತ್ತಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವನ್ನಾಗಿ ತೆರೆದರು. ಇಲ್ಲದ ಊರಿಗೆ ಇರುವ ನಿಲ್ದಾಣ! ಶಂಕರನಾಗರು ಕನ್ನಡಕ್ಕೆ ಹೋಗುವ ಮುನ್ನ ಇದೇ ಮುಂಬಯಿಯಲ್ಲಿ ಬ್ಯಾಂಕಿನ ನೌಕರಿ ಮಾಡುತ್ತ ಮರಾಠಿ ರಂಗಭೂಮಿಯಲ್ಲಿ ಪಳಗಿದವರೆಂಬುದನ್ನು ಗುಮಾಸ್ತ ಬಂಧುಗಳು ಹೆಮ್ಮೆಯಿಂದ ನೆನೆಯಬಹುದು.

ಚಿತ್ರಕಥೆಯ ಪುಸ್ತಕಗಳನ್ನು ಕಂಡರೆ ‘ಇದೇನು ಓದು?’ ಎಂದು ಕಿತ್ತೆಸೆಯುವ ತಂದೆಗಳು ಮತ್ತೊಂದನ್ನು ತಿಳಿಯತಕ್ಕದ್ದು. ಮುಂಬಯಿಯಿಂದ 1967ರಲ್ಲಿ ಅಮರ ಚಿತ್ರಕಥೆಯ ಮಾಲೆಯನ್ನು ಹೊರಡಿಸಿ ದೇಶದ ಮಕ್ಕಳಿಗೆಲ್ಲ ಪುರಾಣವನ್ನು ಓದಿಸಿದ ಅನಂತ ಪೈಯವರು 1929ರಲ್ಲಿ ಹುಟ್ಟಿದುದು ಕಾರ್ಕಳದಲ್ಲಿ.

ಹೊರದೇಶಗಳಲ್ಲಿ ಈ ಹುಚ್ಚು ನಮಗಿಂತ ಒಂದು ತೂಕ ಹೆಚ್ಚೇ ಇದೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಎಂಬ ಕಾದಂಬರಿಯ ಕಥೆ ನಡೆಯುವುದು 1904ರ ಜೂನ್ 16ರ ಒಂದೇ ದಿನದಲ್ಲಿ. 1954ರಲ್ಲಿ ಕೆಲವು ಸಾಹಿತಿಗಳು ಕುದುರೆಗಾಡಿಯಲ್ಲಿ ಕುಳಿತು ಆ ಕಥೆಯ ಜಾಡು ಹಿಡಿದು ಹೊರಟರು. ಇಂದು ಪ್ರತಿವರ್ಷ ಆ ದಿನ ಜನ ಹಳೆಯ ಕಾಲದ ಟೊಪ್ಪಿಗೆ ಹಾಕಿಕೊಂಡು ಬೀದಿಗಿಳಿಯುತ್ತಾರೆ. ಕಥಾನಾಯಕನು ತಿಂದ ಉಪಾಹಾರವನ್ನೇ ತಿನ್ನುತ್ತಾರೆ. ಅದು ಹುರಿದ ಮೂತ್ರಪಿಂಡ, ಶಾಕಾಹಾರಿಗಳು ಕ್ಷಮಿಸಬೇಕು. ಆ ಕಾದಂಬರಿಯೋ, ಪಂಡಿತರೂ ಪೂರ್ತಿ ಓದಲು ತಿಣುಕುವಂಥದು. ವೇಲ್ಸಿನ ಹೇ-ಆನ್-ವೈ ಎಂಬ ಊರಿನಲ್ಲಿ ರಿಚರ್ಡ್ ಬೂತ್ ಎಂಬ ಹಳೆಯ ಪುಸ್ತಕಗಳ ವ್ಯಾಪಾರಿ 1977ರ ಏಪ್ರಿಲ್ 1ರಂದು ತನ್ನನ್ನು ತಾನೇ ಆ ಊರಿನ ರಾಜನೆಂದು ಸಾರಿಕೊಂಡನು. ಹುಚ್ಚಾಟವೇ ಸರಿ, ಆದರೆ ಆ ಹುಚ್ಚಾಟದಿಂದ ಆ ಊರಿನ ಪುಸ್ತಕದ ಅಂಗಡಿಗಳು ಜಗತ್ತಿಗೆಲ್ಲ ಹೆಸರಾದುವು.

ಆ ಹೇ ಊರಿನ ಮೇಲ್ಪಂಕ್ತಿಯನ್ನು ಹಿಡಿದು ಮಹಾರಾಷ್ಟ್ರ ಸರಕಾರವು ಸಾತಾರಾ ಜಿಲ್ಲೆಯ ಭಿಲಾರ್ ಗ್ರಾಮವನ್ನು 2017ರ ಮೇ 4ರಂದು ‘ಪುಸ್ತಕಗಳ ಊರು’ ಮಾಡಿತು. ಪಂಚಗಣಿಯ ಹತ್ತಿರ ಸ್ಟ್ರಾಬೆರಿ ಬೆಳೆಯುವ ಹಳ್ಳಿಯದು. ಮನೆಗಳು, ದೇವಾಲಯ, ಶಾಲೆ ಹೀಗೆ 25 ಎಡೆಗಳಲ್ಲಿ ಪುಸ್ತಕಗಳನ್ನಿಟ್ಟು ಗೋಡೆಗಳಿಗೆ ಚಿತ್ರ ಬರೆಯಿಸಿದರು. ಹಣ್ಣು ತಿನ್ನಲು ಹೋದವರು ಯಾರದೋ ಮನೆಯ ಪಡಸಾಲೆಯಲ್ಲಿ ಕುಳಿತು ಸಂತರ ವಾಙ್ಮಯವನ್ನೋ ಮಕ್ಕಳ ಕಥೆಯನ್ನೋ ಓದಬಹುದು. ಮರಾಠಿ ಸಾಹಿತ್ಯ ಸಮ್ಮೇಳನಗಳ ಆರಂಭದಲ್ಲಿ ಪಾಲಕಿಯಲ್ಲಿ ಗ್ರಂಥಗಳನ್ನಿಟ್ಟು, ವಾರಕರಿಗಳಂತೆ ತಾಳ ಹಾಕುತ್ತ ಹೋಗುವ ಗ್ರಂಥದಿಂಡಿಯನ್ನು 2010ರಲ್ಲಿ ಠಾಣೆಯವರೂ 2017ರಲ್ಲಿ ಡೊಂಬಿವಲಿಯವರೂ ಕಣ್ಣಾರೆ ಕಂಡಿದ್ದಾರೆ. ಹಿರಿಯರ ಎರಡನೆಯ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಗ್ರಂಥವನ್ನು ಪಾಲಕಿಯಲ್ಲಿ ಹೊರುವ ಜನರು, 1893ರಷ್ಟು ಹಿಂದೆಯೇ ಠಾಣೆಯಲ್ಲಿ ಮರಾಠಿ ಗ್ರಂಥಸಂಗ್ರಹಾಲಯವನ್ನು ಕಟ್ಟಿದ ಜನರು, ತಮ್ಮ ನೆರೆಯ ಕನ್ನಡದ ಮಕ್ಕಳು ಕವಿಯ ಮನೆಯನ್ನು ಕಟ್ಟಿದರೆ ಮುನಿದಾರೇ? ನಮಗೆ ತಿಳಿದುಬಂದಂತೆ ಆ ಚಾಳಿನ ಮರಾಠಿ ಅಜ್ಜಿಯೊಬ್ಬರು ಮಣ್ಣಿನ ಕುವೆಂಪುವಿನ ಮುಂದೆಯೂ ಒಂದು ಹಣತೆಯನ್ನಿಟ್ಟು ಹೋದರು. ಅದು ಯಾವ ಸಂತನೆಂದು ಕೇಳಿದರಂತೆ. ನಮ್ಮ ಊರಿನವನು ಎಂದು ಮಕ್ಕಳು ಹೇಳಿದುವಂತೆ.

ಈಗ ನಾವು ಆ ಸಾಲಿನಿಂದ ಎದ್ದು ಬಂದ ಬಗೆ.

ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾವು ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲು ನಡೆಸಿದವರೆಂಬುದನ್ನು ಬಲ್ಲವರು ಬಲ್ಲರು. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು 1962ರಲ್ಲಿ ಹುಟ್ಟಿದಾಗ ಅದರ ಮೊದಮೊದಲ ವಸಾಹತುಗಳಲ್ಲಿ ಒಂದಾಗಿ ಬೆಳೆದ ಈ ಎಸ್ಟೇಟಿನಲ್ಲಿ ಕಾರ್ಖಾನೆಯ ಸೀಟಿಯ ಪ್ರಕಾರವೇ ಹೋಟೆಲಿನ ಒಲೆಯೂ ಉರಿಯುತ್ತಿತ್ತು. ಅನೇಕ ಕಾರ್ಖಾನೆಗಳು ಮುಚ್ಚಿ ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದ ಕಾಲದಲ್ಲಿ ನಮ್ಮ ಹೋಟೆಲು ನಡೆಯುತ್ತಿತ್ತು. ಗಿರಾಕಿಗಳ ನೂಕುನುಗ್ಗಲು, ನಮಗೆ ಗಲ್ಲಾ ಬಿಟ್ಟು ಬೇರೆ ಲೋಕವಿರಲಿಲ್ಲ. ಆಗ ಟೇಬಲ್ ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗನಿದ್ದ. ಕುಂದಾಪುರದ ಒಳಗಿನ ಹಳ್ಳಿಯವನು. ಮಧ್ಯಾಹ್ನ ಮೂರರಿಂದ ನಾಲ್ಕರ ವರೆಗೆ ಬಿಡುವಿನ ವೇಳೆಯಲ್ಲಿ ಉಳಿದವರು ಮಾಳಿಗೆಯಲ್ಲಿ ಮಲಗಿದರೆ ಇವನು ಹಿಟ್ಟಿನ ಡಬ್ಬದ ಮೇಲೆ ಕುಳಿತು ಕಾರಂತರ ‘ಮೂಕಜ್ಜಿಯ ಕನಸುಗಳು’ ಓದುತ್ತಿದ್ದ. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಪುಟದ ಗುರುತಿಗೆ ಬಸ್ಸಿನ ಟಿಕೇಟು.

ಒಂದು ತಿಂಗಳ ಕೊನೆಗೆ ಲೆಕ್ಕ ನೋಡುವಾಗ ಬಿಲ್ ಪುಸ್ತಕವೊಂದು ಕಾಣೆಯಾಗಿತ್ತು. ಹುಡುಕಿದಾಗ ಆ ಹುಡುಗನ ಟ್ರಂಕಿನಲ್ಲಿ ಸಿಕ್ಕಿತು. ಪ್ರತಿಯೊಂದು ಬಿಲ್ಲಿನ ಬೆನ್ನಿನಲ್ಲೂ ಪೆನ್ಸಿಲಿನಿಂದ ಬರೆದ ಚಿತ್ರ: ಅಶ್ವತ್ಥದ ಕಟ್ಟೆ, ಮುದುಕಿ, ಮೊಮ್ಮಗ, ಮತ್ತೆ ಮುದುಕಿ. ಬೆರಳಿನಿಂದ ಅಂಚನ್ನು ಹಿಡಿದು ಸರಸರನೆ ಬಿಟ್ಟರೆ ಮೂಕಜ್ಜಿ ತಲೆಯೆತ್ತಿ, ಕೈಯಾಡಿಸಿ, ಮಾತನಾಡುತ್ತಿದ್ದಳು. ಹೀಗೆ ಪುಟ ಹಾರಿಸಿ ಚಿತ್ರ ಕುಣಿಸುವ ವಿದ್ಯೆಯನ್ನು ಅವನು ಎಲ್ಲಿ ಕಲಿತನೋ. ನಾವು ಅದನ್ನು ಒಮ್ಮೆ ಹಾರಿಸಿ ನೋಡಿದೆವು, ಮತ್ತೊಮ್ಮೆಯೂ ನೋಡಿದೆವು. ಆಮೇಲೆ ಬಿಲ್ ಪುಸ್ತಕದ ಬೆಲೆಯನ್ನು ಅವನ ಸಂಬಳದಲ್ಲಿ ಮುರಿದುಕೊಂಡೆವು. ‘ಓದುವುದಿದ್ದರೆ ಓದು, ಈ ಹುಡುಗಾಟ ನಮ್ಮ ಹೋಟೆಲಿನಲ್ಲಿ ಬೇಡ’ ಎಂದೆವು. ಅವನು ಉತ್ತರ ಕೊಡಲಿಲ್ಲ. ಮುಂದಿನ ಮಳೆಗಾಲಕ್ಕೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಆ ಬಿಲ್ ಪುಸ್ತಕ ಬಹಳ ದಿನ ನಮ್ಮ ಗಲ್ಲೆಯಲ್ಲಿಯೇ ಇತ್ತು. ಹೋಟೆಲನ್ನು ಕೈಬಿಡುವಾಗ ಹಳೆಯ ಕಾಗದಗಳೊಡನೆ ರದ್ದಿಗೆ ಹೋಯಿತು. ತೂಕಕ್ಕೆ ಎಷ್ಟು ಸಿಕ್ಕಿತೆಂಬುದು ನೆನಪಿಲ್ಲ.

ನಾವು ಆ ಕಾದಂಬರಿಯನ್ನು ಓದಿದುದು ಅದರ ನಂತರ. ಅಂದರೆ ಅವನ ಹುಡುಗಾಟದಿಂದಲೇ ಓದಿದುದು. ಅದಕ್ಕೆ ಜ್ಞಾನಪೀಠ ಬಂದಿದೆಯೆಂದು ಎಸ್.ಎಸ್.ಎಲ್.ಸಿ.ಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರಿಂದ ನಾವು ಪುಸ್ತಕವನ್ನು ಎತ್ತಿಕೊಂಡಿರಲಿಲ್ಲ. ಬಿಲ್ಲಿನ ಬೆನ್ನಿನಲ್ಲಿ ಕೈಯಾಡಿಸಿದ ಮುದುಕಿ ಏನು ಹೇಳುತ್ತಿದ್ದಳೆಂಬ ಕುತೂಹಲದಿಂದ ಎತ್ತಿಕೊಂಡೆವು.

ಇನ್ನು ಮೂರನೆಯ ಆಕ್ಷೇಪ. ಆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂಬುದು ನಿಜ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮುಂಬಯಿಯ ಸುತ್ತಮುತ್ತ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದುವು. ತಂದೆ ರಾತ್ರಿ ಶಾಲೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತ ಅಕ್ಷರ ಮಗನಿಗೆ ಜಿಲೇಬಿಯ ಸುತ್ತಿನಂತೆ ಕಾಣುತ್ತದೆ. ತಂದೆ ತೀರಿಕೊಂಡ ಮೇಲೆ ಕಪಾಟಿನ ಕನ್ನಡ ಪುಸ್ತಕಗಳು ಕಿಲೋ ಲೆಕ್ಕದಲ್ಲಿ ಹೋಗುವುದನ್ನು ಠಾಣೆಯ ರದ್ದಿ ಅಂಗಡಿಗಳಲ್ಲಿ ನಾವು ಕಂಡಿದ್ದೇವೆ. ಅಟ್ಟೆಯ ಮೇಲೆ ಕುಳಿತ ‘ಕಾನೂರು ಹೆಗ್ಗಡಿತಿ’ಯನ್ನು ಒಮ್ಮೆ ಹತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದಿದ್ದೇವೆ. ಒಳಪುಟದಲ್ಲಿ ಹೆಸರು, ತಾರೀಖು, ‘ಮೊದಲ ಸಂಬಳದಲ್ಲಿ ಕೊಂಡದ್ದು’ ಎಂಬ ಬರಹ.

ಓದದವರಿಗೆ ಉತ್ಸವವೇತಕ್ಕೆ ಎಂದು ಹಿರಿಯರು ಕೇಳುತ್ತಾರೆ. ಅದನ್ನು ತಿಳಿಯಲೆಂದೇ ನಾವು ಕಾಗದ ಹಿಡಿದು ಆ ಚಾಳಿಗೆ ಹೋದೆವು. ಮಣ್ಣಿನ ಮನೆ ಅಷ್ಟರಲ್ಲಿ ಅರ್ಧ ಒಣಗಿ ಬಿರುಕು ಬಿಟ್ಟಿತ್ತು. ಸಾಸಿವೆಯ ಗುಡ್ಡವನ್ನು ಒಂದು ಆಡು ಮೇಯ್ದು ಹೋಗಿತ್ತು. ಮನೆಯ ಮುಂದೆ ಒಂದು ರಟ್ಟಿನ ಫಲಕ. ಅದರ ಮೇಲೆ ಕನ್ನಡದಲ್ಲಿ ‘ಕುಪ್ಪಳಿ’ ಎಂದು ಬರೆದಿತ್ತು. ಬರೆದವಳು ಏಳನೆಯ ತರಗತಿಯ ಹುಡುಗಿ. ಆ ಮೂರಕ್ಷರಕ್ಕಾಗಿ ಅವಳು ಪಟ್ಟ ಪಾಡನ್ನು ಹೇಳಿದಳು. ಕ ಎಂಬುದನ್ನು ಅಜ್ಜಿ ಹೇಳಿಕೊಟ್ಟರು. ಅದಕ್ಕೆ ಉಕಾರದ ಕೊಂಬನ್ನು ಹೋಟೆಲಿನ ಮಾಮ ತಿದ್ದಿದರು. ಪಕಾರದ ಕೆಳಗೆ ಇನ್ನೊಂದು ಪಕಾರ ಕೂರುವುದೆಂದರೆ ಏನೆಂಬುದು ಮೊದಲು ಅರ್ಥವಾಗಲಿಲ್ಲವಂತೆ. ‘ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕುಳಿತ ಹಾಗೆ’ ಎಂದು ಯಾರೋ ವಿವರಿಸಿದರಂತೆ. ಳ ಬರೆಯಲು ಒಂದು ಇಡೀ ಸಂಜೆ ಹಿಡಿಯಿತು. ಹಾಳಾದ ರಟ್ಟುಗಳು ಏಳೋ ಎಂಟೋ. ‘ಈಗ ಬೇರೆ ಏನಾದರೂ ಬರೆಯಬಲ್ಲೆಯಾ?’ ಎಂದು ಕೇಳಿದೆವು. ಯೋಚಿಸಿ, ನಮ್ಮ ಕೈಯಲ್ಲಿದ್ದ ಪತ್ರಿಕೆಯನ್ನು ಎಳೆದುಕೊಂಡು, ಬೆರಳಿಟ್ಟು, ಒಂದು ಜಾಹಿರಾತಿನಲ್ಲಿ ‘ಕಪ್ಪು’ ಎಂಬ ಪದವನ್ನು ಓದಿದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹಾಗೆಂದು ಎಲ್ಲ ಆಟವನ್ನೂ ನಾವು ಹೊಗಳಲಾರೆವು. ಅಂಗಿಗಳ ಮೇಲೆ ಅಚ್ಚಾಗುವ ಕನ್ನಡದಲ್ಲಿ ಒತ್ತಕ್ಷರ ಜಾರಿದುದನ್ನೂ ದೀರ್ಘ ಕಳೆದುದನ್ನೂ ನಿತ್ಯ ನೋಡುತ್ತಿದ್ದೇವೆ. ಸಾವಿರ ಅಂಗಿ ಹೊಲಿಸುವ ಮುನ್ನ ಅಕ್ಷರ ಬಲ್ಲವನೊಬ್ಬನಿಗೆ ಒಂದು ಕಪ್ ಚಹಾ ಕೊಟ್ಟು ತೋರಿಸಬಾರದೇ? ಎರಡನೆಯದಾಗಿ, ಕವಿಯ ಸಾಲು ಬೀದಿಯ ಮಾಲಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವನ ಕೃತಿಯ ಹಕ್ಕು ಅವನ ವಾರಸುದಾರರದು. ಬೇಂದ್ರೆಯವರು 1981ರಲ್ಲಿಯೂ ಕುವೆಂಪು ಅವರು 1994ರಲ್ಲಿಯೂ ಕಾಲವಾದುದರಿಂದ ಅವರ ಸಾಲುಗಳನ್ನು ಅಚ್ಚೊತ್ತಿ ಮಾರುವವರು ಅನುಮತಿ ಪಡೆಯತಕ್ಕದ್ದು. 1937ರಲ್ಲಿ ತೀರಿಕೊಂಡ ಪಂಜೆಯವರು, 1946ರಲ್ಲಿ ಗತಿಸಿದ ಬಿ.ಎಂ.ಶ್ರೀ., ಈ ಮುಂಬಯಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದು 1963ರಲ್ಲಿ ಅಗಲಿದ ಗೋವಿಂದ ಪೈಗಳು ಇವರ ಕಾವ್ಯವನ್ನಾದರೋ ಯಾರು ಬೇಕಾದರೂ ಅಚ್ಚಿಸಬಹುದು. ಅದೇಕೋ ಅವರ ಸಾಲುಗಳು ಯಾವ ಅಂಗಿಯ ಮೇಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಮತ್ತೊಂದು: ನಾಲ್ಕುನೂರು ರೂಪಾಯಿಯ ಅಂಗಿ ಕೊಂಡು ಇನ್ನೂರು ರೂಪಾಯಿಯ ಪುಸ್ತಕ ದುಬಾರಿಯೆನ್ನುವವರೊಡನೆ ನಮಗೆ ಮಾತಿಲ್ಲ.

ಹೋಟೆಲಿನ ಮಾಲಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಗಲ್ಲೆಯ ಪಕ್ಕದಲ್ಲಿ ಸೋಂಪಿನ ಬಟ್ಟಲಿಡುವಷ್ಟು ಜಾಗದಲ್ಲಿಯೇ ನಾಲ್ಕು ಕನ್ನಡ ಪುಸ್ತಕಗಳನ್ನೂ ಇಡಬಹುದು. ಕೈಯೊರೆಸಿಕೊಂಡ ಎಣ್ಣೆಯ ಗುರುತು ಪುಟದ ಮೇಲೆ ಬಿದ್ದೀತು, ಬೀಳಲಿ. ಬಿಡುವಿನ ವೇಳೆಯಲ್ಲಿ ಹುಡುಗನೊಬ್ಬ ಬಿಲ್ಲಿನ ಬೆನ್ನಿನಲ್ಲಿ ಏನಾದರೂ ಗೀಚುತ್ತಿದ್ದರೆ ಸಂಬಳ ಮುರಿಯುವ ಮುನ್ನ ಒಮ್ಮೆ ಪುಟ ಹಾರಿಸಿ ನೋಡಿರಿ. ಮಕ್ಕಳ ವಿಷಯದಲ್ಲಿ ಬೇರೇನೂ ಹೇಳಬೇಕಾದುದಿಲ್ಲ; ಅವುಗಳಿಗೆ ದಾರಿ ಗೊತ್ತಿದೆ. ಬರುವ ದೀಪಾವಳಿಗೆ ಕಿಲ್ಲೆಯೇ ಕಟ್ಟಬೇಕೆಂದಿದ್ದರೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಕಾದಿದೆಯೆಂದು ನಾವು ಸೂಚಿಸಿದೆವು. ಮಕ್ಕಳು ಅದನ್ನು ಒಪ್ಪಿಕೊಳ್ಳಲಿಲ್ಲ. ಈ ಸಲದ ಮನೆಯನ್ನೇ ಸರಿಯಾಗಿ ಕಟ್ಟಬೇಕಂತೆ.

ಏಕೆಂದರೆ ನಾಲ್ಕನೆಯ ಆಕ್ಷೇಪವನ್ನು ನಾವು ಅವುಗಳಿಗೆ ಓದಿ ಹೇಳಿದ್ದೆವು. ಹಿರಿಯರು ಕಾಗದದ ಕೊನೆಯಲ್ಲಿ, ರುಜುವಿನ ಕೆಳಗೆ, ಬೇರೆ ಶಾಯಿಯಲ್ಲಿ ಹೀಗೆ ಬರೆದಿದ್ದರು: ಮಹಡಿಯ ಮೆಟ್ಟಿಲನ್ನು ಮಕ್ಕಳು ತಪ್ಪಾದ ಕಡೆಗೆ ಇಟ್ಟಿದ್ದಾರೆ, ತೊಟ್ಟಿಯ ಅಂಗಳ ಅಷ್ಟು ಕಿರಿದಲ್ಲ, ತಾವು ಬಾಲ್ಯದಲ್ಲಿ ಆ ದಾರಿಯಾಗಿ ಎಷ್ಟೋ ಸಲ ನಡೆದವರು.

ಇದನ್ನು ಕೇಳಿದೊಡನೆ ಮಕ್ಕಳು ಒಟ್ಟಾಗಿ ನಮ್ಮನ್ನು ಮುತ್ತಿಕೊಂಡುವು. ಆ ಅಜ್ಜನ ಮನೆ ಎಲ್ಲಿ, ಅವರಿಗೆ ಮೊಬೈಲು ಇದೆಯೇ, ಮೆಟ್ಟಿಲು ಎಷ್ಟು, ಬಾಗಿಲು ಯಾವ ದಿಕ್ಕಿಗೆ, ಅವರು ಕವಿಯನ್ನು ಕಂಡಿದ್ದಾರೆಯೇ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ವಿಳಾಸವನ್ನು ನಾವು ಕೊಡಲಿಲ್ಲ. ಅವರ ಒಪ್ಪಿಗೆಯಿಲ್ಲದೆ ಕೊಡುವುದು ಪತ್ರಿಕಾಧರ್ಮವಲ್ಲ. ಆದುದರಿಂದ ಈ ಅಂಕಣದ ಮೂಲಕವೇ ಆ ಹಿರಿಯರಲ್ಲಿ ವಿಜ್ಞಾಪಿಸುತ್ತೇವೆ. ಆದಿತ್ಯವಾರ ಸಂಜೆ ನಾಲ್ಕರ ಮೇಲೆ ಮಕ್ಕಳು ಚಾಳಿನ ಅಂಗಳದಲ್ಲಿಯೇ ಇರುತ್ತವೆ. ಮಣ್ಣನ್ನು ಅವುಗಳೇ ತರುತ್ತವಂತೆ. ತಾವು ಬರುವಾಗ ಕನ್ನಡಕ ಮರೆಯಬಾರದಂತೆ.